ಹತ್ತು ವರ್ಷದವನಿಗೆ ಯಾವ ಫಾಲ್ಕನ್?

ಮಗನಿಗೆ ಲೆಗೋದ ಮಿಲೆನಿಯಂ ಫಾಲ್ಕನ್ (ಸ್ಟಾರ್ ವಾರ್ಸ್ ಸಿನಿಮಾದ ಆಕಾಶನೌಕೆ, ತುಂಡು ಜೋಡಿಸಿ ಕಟ್ಟುವ ಆಟಿಕೆ) ಸೆಟ್ ನಂಬರ್ 75375 ತರಲೋ 75257 ತರಲೋ, ಕಾರವಾರದ ಉಪ್ಪುಗಾಳಿಗೆ ಹಾಳಾದೀತೋ ಅಂತ ಕೇಳಿದ್ದೀರಿ. 75257 ಹುಡುಕಿ ಮಾರಾಯ್ರೆ. 2024ರ 75375ರಲ್ಲಿ 921 ತುಂಡು, ಚಂದವೇನೋ ಹೌದು. ಆದರೆ ಅದು ಕಪಾಟಿನಲ್ಲಿಟ್ಟು ನೋಡುವ ಸಾಮಾನು: ಒಳಗೆ ಕೋಣೆಯಿಲ್ಲ, ಗೊಂಬೆ ಒಂದೂ ಇಲ್ಲ, ಡಬ್ಬಿಯ ಮೇಲೇ 18+ ಅಂತಿದೆ. ಹುಡುಗ ಎರಡೇ ದಿನಕ್ಕೆ ಬೇಸರಪಟ್ಟಾನು. 2019ರ 75257ರಲ್ಲಿ 1351 ತುಂಡು, ಏಳು ಗೊಂಬೆಗಳು. ಮೇಲಿನ ಹಲಗೆ ಬಿಡಿಸಿದರೆ ಒಳಗೆಲ್ಲ ಆಡಬಹುದು. ರಾಶಿ ರಾಶಿ ಬೂದು ತುಂಡು, ಹುಡುಕಿಕೊಡುವ ಕೆಲಸ ನಿಮಗೇ ಬೀಳುತ್ತದೆ, ಇರಲಿ. ಉಪ್ಪುಗಾಳಿಗೆ ಲೆಗೋ ತುಂಡಿನ ಗಟ್ಟಿ ಎಬಿಎಸ್ ಪ್ಲಾಸ್ಟಿಕ್ ಜಗ್ಗುವುದಿಲ್ಲ, ಕಿಟಕಿಯ ಬಿಸಿಲಿಗೆ ಮಾತ್ರ ಹಳದಿಯಾದೀತು. ನಮ್ಮ ಶಿರಸಿ ಮಳೆಗಾಲದಲ್ಲಿ ಬೂಸಲು ಹಿಡಿಯುವುದು ಜೋಡಣೆಯ ಪುಸ್ತಕಕ್ಕೆ. ಅದನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಡಿ.