ಕೆರ್ರಿಯ ಕಿರುದಾರಿಗಳು: ಮೊದಲು ರಿವರ್ಸ್ ಕಲಿತು ಬನ್ನಿ

ಜೂನಿನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಅಯರ್ಲೆಂಡಿಗೆ ಬರ್ತಿದ್ದೀವಿ, 7 ದಿನಕ್ಕೆ ಕಾರು ಬಾಡಿಗೆ ತಗೊಂಡು ಡಿಂಗಲ್ ಊರು, ಕಾನರ್ ಪಾಸ್, ಹೀಲಿ ಪಾಸ್ ಅನ್ನುವ ಬೆಟ್ಟದ ದಾರಿಗಳು ಎಲ್ಲ ನೋಡಬೇಕು, ಆಗುಂಬೆ ಚಾರ್ಮಾಡಿ ಓಡಿಸಿದವನಿಗೆ ಇದೇನು ಮಹಾ ಅಲ್ವಾ ಅಂತ ಕೇಳಿದ್ದೀರಿ. ನಾನು ಕೊಪ್ಪದ ಕಡೆಯವನು, ಈಗ ಆರು ವರ್ಷದಿಂದ ಕಾರ್ಕ್‌ನಲ್ಲಿ ಇದ್ದೇನೆ. ಊರಿನಿಂದ ಯಾರೇ ಬಂದರೂ ಪಕ್ಕದ ಕೌಂಟಿ (ಅಂದರೆ ಜಿಲ್ಲೆ) ಕೆರ್ರಿ ತೋರಿಸುವ ಕೆಲಸ ನನ್ನ ತಲೆಗೇ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಎತ್ತರದ ಬಗ್ಗೆ ಹೆದರಿಕೆ ಬೇಡ. ಈ ದೇಶದ ಅತಿ ಎತ್ತರದ ಬೆಟ್ಟ ಕ್ಯಾರನ್‌ಟೂಹಿಲ್, ಅದೇ 1,038 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹೇರ್‌ಪಿನ್ ತಿರುವು ನಿಮಗೆ ಹೊಸದಲ್ಲ. ಎಡಗಡೆ ಓಡಿಸುವುದು, ಬಲಗಡೆ ಸ್ಟೇರಿಂಗ್, ಅದೂ ನಮ್ಮ ಹಾಗೇ. ಅಮೆರಿಕದಿಂದ ಬರುವವರು ಪಡುವ ಪಾಡು ನಿಮಗಿಲ್ಲ.

ಕಷ್ಟ ಇರುವುದು ಬೇರೆ ಕಡೆ. ಘಾಟಿಯಲ್ಲಿ ನಾವು ಹಾರ್ನ್ ಹೊಡೆದು, ಎದುರಿನವನನ್ನು ಎಚ್ಚರಿಸಿ, ಮಣ್ಣಿಗೆ ಒಂದು ಚಕ್ರ ಇಳಿಸಿ ಹೇಗೋ ನುಸುಳಿಕೊಂಡು ಹೋಗುತ್ತೇವೆ. ಇಲ್ಲಿ ಇಳಿಸಲು ಮಣ್ಣೇ ಇಲ್ಲ. ದಾರಿಯ ಎರಡೂ ಬದಿ ಬೇಲಿ. ನೋಡಿದರೆ ಹಸಿರು ಗಿಡ, ಕೆಂಪು ಫ್ಯೂಷಿಯಾ ಹೂವು, ಮುಟ್ಟಿದರೂ ಏನಾಗಲ್ಲ ಅನ್ನಿಸುತ್ತದೆ. ಆ ಗಿಡದ ಹಿಂದೆ ಕಲ್ಲಿನ ಗೋಡೆ ಇರುತ್ತದೆ. ನಾನು ಬಂದ ಮೊದಲ ವರ್ಷ ಎದುರಿಗೆ ವ್ಯಾನ್ ಬಂತೆಂದು ಎಡಕ್ಕೆ ಒತ್ತಿದೆ. ಟಪ್ ಅಂತ ಸದ್ದು. ಎಡಗನ್ನಡಿ ಹೋಯಿತು, ಬಾಗಿಲ ಮೇಲೆ ಉದ್ದಕ್ಕೆ ಗೀರು. ಬಾಡಿಗೆ ಕಂಪನಿಯವರು ಅದಕ್ಕೆ ಹಾಕಿದ ಬಿಲ್ಲಿನಲ್ಲಿ ಊರಿಗೆ ಹೋಗಿಬರುವ ಅರ್ಧ ಟಿಕೆಟ್ ಬರುತ್ತಿತ್ತು. ವ್ಯಾನಿನವನು ಮಾತ್ರ ಆರಾಮಾಗಿ ಒಂದು ಬೆರಳು ಎತ್ತಿ ಮುಂದೆ ಹೋದ.

ಬೇಲಿ ಇಲ್ಲದ ಕಡೆ ಇನ್ನೊಂದು ಮೋಸ. ಬೆಟ್ಟದ ಮೇಲೆ ದಾರಿ ಪಕ್ಕ ಹುಲ್ಲು ಸಮತಟ್ಟಾಗಿ ಕಾಣುತ್ತದೆ, ಅದು ನೆಲವಲ್ಲ, ಪೀಟ್ ಜೌಗು, ಅಂದರೆ ಕೊಳೆತ ಗಿಡಗಳು ಸೇರಿ ಆದ ಮೆತ್ತನೆಯ ಕೆಸರು. ಒಂದು ಚಕ್ರ ಇಳಿಯಿತೋ, ಮಳೆಗಾಲದ ಗದ್ದೆಗೆ ಇಳಿದ ಹಾಗೆ. ಟ್ರ್ಯಾಕ್ಟರ್ ಬರುವ ತನಕ ಕಾಯಬೇಕು. ಜೌಗಿನ ಮೇಲೆ ಹಾದುಹೋಗುವ ಟಾರು ದಾರಿ ಕೂಡ ಅಲ್ಲಲ್ಲಿ ಕುಸಿದು ಅಲೆಯಂತೆ ಏರಿಳಿದಿರುತ್ತದೆ. 60ರಲ್ಲಿ ಹೋದರೆ ಹಿಂದಿನ ಸೀಟಿನವರ ತಲೆ ಚಾವಣಿಗೆ ತಾಗುತ್ತದೆ, ಅಮ್ಮ ಬೈಯುವುದು ನಿಮ್ಮನ್ನೇ.

ಹಾಗಾದರೆ ಎದುರಿಗೆ ಗಾಡಿ ಬಂದರೆ ಏನು ಮಾಡುವುದು? ನಿಲ್ಲಿಸಿ. ಇಬ್ಬರಲ್ಲಿ ಯಾರಿಗೆ ಅಗಲದ ಜಾಗ ಹತ್ತಿರವೋ ಅವರು ಹಿಂದೆ ಹೋಗಬೇಕು, ಇಲ್ಲಿಯ ಪದ್ಧತಿ ಅದು. ಆ ಜಾಗ ಹೊಲದ ಗೇಟು ಇರಬಹುದು, ಯಾರದೋ ಮನೆಯ ಬಾಗಿಲು ಇರಬಹುದು, ದಾರಿ ಸ್ವಲ್ಪ ಉಬ್ಬಿದ ಜಾಗ ಇರಬಹುದು. ನೀವು ಮುಂದೆ ಹೋಗುತ್ತಿರುವಾಗಲೇ ಇವನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋಗಿ. ಈಗ ಎದುರಿಗೆ ಬಸ್ಸು ಬಂದರೆ ನಾನು ಎಲ್ಲಿಗೆ ಹಿಂದೆ ಹೋಗಲಿ ಅಂತ. ನನ್ನ ಹೆಂಡತಿ ಪಕ್ಕದಲ್ಲಿ ಕೂತು "ಗೇಟು ಹೋಯ್ತು", "ಇನ್ನೊಂದು ಗೇಟು" ಅಂತ ಎಣಿಸುತ್ತಿರುತ್ತಾಳೆ. ತಮಾಷೆ ಅನ್ನಿಸಬಹುದು, ಆದರೆ ಬಹಳ ಉಪಯೋಗ. ಜಾಗ ನಿಮ್ಮ ಬಲಗಡೆ ಇದ್ದರೆ ಅದರೊಳಗೆ ನುಗ್ಗಬೇಡಿ. ಅದರ ಎದುರು ನಿಮ್ಮ ಎಡಗಡೆಯಲ್ಲೇ ನಿಂತುಕೊಳ್ಳಿ, ಎದುರಿನವರು ಆ ಜಾಗ ಬಳಸಿ ಸುತ್ತಿಹೋಗುತ್ತಾರೆ.

ಇದಕ್ಕೇ ನಾನು ಹೇಳುವುದು, ಊರಲ್ಲಿ ಹೊರಡುವ ಮೊದಲು ಎರಡು ಭಾನುವಾರ ರಿವರ್ಸ್ ಅಭ್ಯಾಸ ಮಾಡಿ. ನೇರ ಬಯಲಿನಲ್ಲಿ ಅಲ್ಲ. ತೋಟದ ದಾರಿಯಲ್ಲಿ, ತಿರುವಿನಲ್ಲಿ, ಏರಿನಲ್ಲಿ, ಎರಡು ಕನ್ನಡಿ ನೋಡಿಕೊಂಡು, 50 ಮೀಟರ್. ಬೆಂಗಳೂರಿನವರು ಮುಂದಕ್ಕೆ ನುಗ್ಗುವುದರಲ್ಲಿ ಗಟ್ಟಿಗರು, ಹಿಂದಕ್ಕೆ ಹೋಗು ಅಂದರೆ ಮಾನ ಹೋದ ಹಾಗೆ ಆಡುತ್ತಾರೆ. ನಾನೂ ಹಾಗೇ ಇದ್ದೆ. ಇಲ್ಲಿ ಹಿಂದೆ ಹೋದವನಿಗೆ ಎದುರಿನವನು ಕೈ ಎತ್ತಿ ಥ್ಯಾಂಕ್ಸ್ ಹೇಳುತ್ತಾನೆ, ನೀವೂ ಎತ್ತಿ. ಎದುರಾದ ಪ್ರತಿಯೊಬ್ಬರಿಗೂ ಸ್ಟೇರಿಂಗ್ ಮೇಲಿನಿಂದ ಒಂದು ಬೆರಳು ಎತ್ತುವುದು ಹಳ್ಳಿ ಕಡೆ ರೂಢಿ. ತೋರುಬೆರಳು ಮಾತ್ರ!

ಹಾರ್ನ್ ವಿಚಾರ. ಪೂರ್ತಿ ಕಣ್ಣು ಕಾಣದ ತಿರುವಿನಲ್ಲಿ ಒಮ್ಮೆ ಸಣ್ಣದಾಗಿ ಹೊಡೆದರೆ ತಪ್ಪಿಲ್ಲ. ಉಳಿದಂತೆ ಹಾರ್ನ್ ಅಂದರೆ ಬೈಗುಳ ಇದ್ದ ಹಾಗೆ. ಕುರಿಗೆ ಹಾರ್ನ್ ಹೊಡೆಯುವುದಂತೂ ಬೇಡವೇ ಬೇಡ. ಬೆಟ್ಟದ ಮೇಲೆ ಬೇಲಿ ಇರುವುದಿಲ್ಲ, ಬಿಸಿಲಿದ್ದ ದಿನ ಕುರಿಗಳು ಬೆಚ್ಚಗಿನ ಟಾರಿನ ಮೇಲೇ ಮಲಗಿರುತ್ತವೆ, ಮೈಮೇಲೆ ನೀಲಿ ಕೆಂಪು ಬಣ್ಣದ ಗುರುತು. ಯಾರ ಕುರಿ ಅಂತ ಗೊತ್ತಾಗಲಿಕ್ಕೆ. ನೀವು ಬರುವ ಜೂನಿನಲ್ಲಿ ಮರಿಗಳು ಜೊತೆಯಲ್ಲಿರುತ್ತವೆ. ತಾಯಿ ದಾರಿಯ ಒಂದು ಕಡೆ, ಮರಿ ಇನ್ನೊಂದು ಕಡೆ ಇದ್ದರೆ ಕಾಲು ಬ್ರೇಕಿನ ಮೇಲೆ ಇರಲಿ. ನೀವು ಹತ್ತಿರ ಬಂದ ಕೂಡಲೇ ಮರಿ ಅಡ್ಡ ಓಡುವುದು ಗ್ಯಾರಂಟಿ.

ಸ್ಪೀಡ್ ಲಿಮಿಟ್ ಬಗ್ಗೆ ಹಳೆಯ ಬ್ಲಾಗು, ವಿಡಿಯೊ ನಂಬಬೇಡಿ. ಮೊದಲು ಹುಲ್ಲು ಬೆಳೆದ ಸಣ್ಣ ದಾರಿಗೂ 80 ಅಂತಿತ್ತು. 2025ರ ಫೆಬ್ರವರಿ 7ರಿಂದ ಹಳ್ಳಿ ಕಡೆಯ ಲೋಕಲ್ ರಸ್ತೆಗಳಿಗೆ ಸಾಮಾನ್ಯ ಮಿತಿ 60 ಮಾಡಿದ್ದಾರೆ. ರಸ್ತೆ ಹೆಸರಿನ ಮೊದಲ ಅಕ್ಷರ ನೋಡಿದರೆ ಅಂದಾಜು ಸಿಗುತ್ತದೆ. ಎಂ ಅಂದರೆ ಮೋಟರ್‌ವೇ, 120. ಎನ್ ಅಂದರೆ ರಾಷ್ಟ್ರೀಯ ರಸ್ತೆ, ಸಾಮಾನ್ಯವಾಗಿ 100. ಆರ್ ಅಂದರೆ ಪ್ರಾದೇಶಿಕ, 80. ಎಲ್ ಅಂದರೆ ಲೋಕಲ್, ಈ 60. ಫಲಕದಲ್ಲಿ ಬೇರೆ ಸಂಖ್ಯೆ ಇದ್ದರೆ ಫಲಕದ್ದೇ ಲೆಕ್ಕ. ಆದರೆ 60 ಅಂದರೆ 60ರಲ್ಲಿ ಹೋಗು ಅಂತ ಅಲ್ಲ. ಕಾನರ್ ಪಾಸಿನ ಕಿರಿದಾದ ಭಾಗದಲ್ಲಿ ನಾನು 20 ದಾಟುವುದಿಲ್ಲ. ಹಿಂದೆ ಸ್ಥಳೀಯರು ಅಂಟಿಕೊಂಡು ಬಂದರೆ ಒತ್ತಡ ತಗೋಬೇಡಿ, ಜಾಗ ಸಿಕ್ಕಲ್ಲಿ ಎಡಕ್ಕೆ ನಿಂತು ಬಿಟ್ಟುಬಿಡಿ. ಅವರಿಗೆ ಕೆಲಸಕ್ಕೆ ಹೊತ್ತಾಗಿರುತ್ತದೆ, ನಮಗೆ ರಜೆ.

ಈ ಸಣ್ಣ ದಾರಿಗೆ ಇಲ್ಲಿ ಬೋರೀನ್ ಅನ್ನುತ್ತಾರೆ. ಐರಿಷ್ ಭಾಷೆಯಲ್ಲಿ ಬೋ ಅಂದರೆ ಹಸು. ದಾರಿ ಅನ್ನುವ ಪದವೇ ಅದರಿಂದ ಬಂದದ್ದು, ದನ ಹೋಗುವ ದಾರಿ ಅಂತ. ಬೋರೀನ್ ಅದರ ಮರಿ. ಮಧ್ಯದಲ್ಲಿ ಹುಲ್ಲಿನ ಪಟ್ಟಿ ಕಂಡರೆ ನೀವು ಬೋರೀನಿಗೆ ಬಂದಿದ್ದೀರಿ ಅಂತ ಅರ್ಥ. ಮ್ಯಾಪ್ 4 ನಿಮಿಷ ಉಳಿಯುತ್ತದೆ ಅಂತ ಇಂಥ ಕಡೆ ನುಗ್ಗಿಸುತ್ತದೆ. ಒಪ್ಪಬೇಡಿ. ಎನ್ ಮತ್ತು ಆರ್ ರಸ್ತೆಯಲ್ಲೇ ಇರಿ. ಮ್ಯಾಪ್ ಒಂದು ಗಂಟೆ ಅಂದರೆ ಒಂದೂವರೆ ಅಂತ ಇಟ್ಟುಕೊಳ್ಳಿ. ಬೆಟ್ಟದ ಸಂದಿಯಲ್ಲಿ ಸಿಗ್ನಲ್ ಹೋಗುತ್ತದೆ, ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟಿರಿ.

ಈಗ ನೀವು ಹೆಸರು ಹೇಳಿದ ಜಾಗಗಳು.

ಕಾನರ್ ಪಾಸ್. ಡಿಂಗಲ್ ಊರಿನಿಂದ ಮೇಲಿನ ಕಾರ್ ಪಾರ್ಕ್ ತನಕ ದಾರಿ ಸಲೀಸು, ಎರಡು ಕಾರು ಸುಲಭವಾಗಿ ಹೋಗುತ್ತವೆ. ಭಯದ ಭಾಗ ಆಮೇಲೆ, ಉತ್ತರದ ಕಡೆ ಇಳಿಯುವಾಗ. ಒಂದು ಕಡೆ ಬಂಡೆ ದಾರಿಯ ಮೇಲೆ ಚಾಚಿಕೊಂಡಿದೆ, ಇನ್ನೊಂದು ಕಡೆ ಗಿಡ್ಡ ಕಲ್ಲಿನ ಕಟ್ಟೆ, ಅದರಾಚೆ ಕಣಿವೆ, ಮಧ್ಯೆ ಒಂದೇ ಗಾಡಿಯ ಜಾಗ. 2 ಟನ್‌ಗಿಂತ ಭಾರದ ಗಾಡಿಗೆ ಅಲ್ಲಿ ಪ್ರವೇಶವೇ ಇಲ್ಲ, ಹಾಗಾಗಿ ಟೂರಿಸ್ಟ್ ಬಸ್ಸಿನ ಕಾಟ ಇಲ್ಲ. ಧೈರ್ಯ ಸಾಲದಿದ್ದರೆ ಕಾರ್ ಪಾರ್ಕಿನ ತನಕ ಹೋಗಿ, ಎರಡೂ ಬದಿಯ ಸಮುದ್ರ ನೋಡಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ. ಮುಖ್ಯ ನೋಟ ಸಿಗುವುದೂ ಅಲ್ಲಿಂದಲೇ. ನಮ್ಮಪ್ಪ ಬಂದಾಗ ನಾನು ಮಾಡಿದ್ದೂ ಅದನ್ನೇ. ಮೋಡ ಇಳಿದಿದ್ದರೆ ಹತ್ತಲೇಬೇಡಿ, ಮೇಲೆ ಹೋದರೆ ಬಾನೆಟ್ ಬಿಟ್ಟು ಏನೂ ಕಾಣುವುದಿಲ್ಲ.

ಹೀಲಿ ಪಾಸ್ ನನಗೆ ಇದಕ್ಕಿಂತ ಇಷ್ಟ. ಬೇರಾ ಪರ್ಯಾಯ ದ್ವೀಪದಲ್ಲಿದೆ, ಅಡ್ರಿಗೋಲ್‌ನಿಂದ ಲೌರಾ ತನಕ, ನೆತ್ತಿಯಲ್ಲಿ ಕಾರ್ಕ್ ಕೌಂಟಿ ಮುಗಿದು ಕೆರ್ರಿ ಶುರು. ಆಲೂಗಡ್ಡೆ ಬೆಳೆ ಹಾಳಾಗಿ ಬಂದ ದೊಡ್ಡ ಬರಗಾಲದಲ್ಲಿ, 1847ರಲ್ಲಿ, ಹಸಿದವರಿಗೆ ಕೂಲಿ ಕೊಡುವ ನೆಪದಲ್ಲಿ ಕಡಿಯಲು ಶುರು ಮಾಡಿದ ದಾರಿ. ಮುಗಿದದ್ದು 1931ರಲ್ಲಿ, ಟಿಮ್ ಹೀಲಿ ಅನ್ನುವ ರಾಜಕಾರಣಿಯ ಒತ್ತಾಯದಿಂದ. ಆತ ಐರಿಷ್ ಫ್ರೀ ಸ್ಟೇಟಿನ (ಆಗಿನ ಅಯರ್ಲೆಂಡ್ ಸರ್ಕಾರದ ಹೆಸರು) ಮೊದಲ ಗವರ್ನರ್ ಜನರಲ್. ತಿರುವು ಜಾಸ್ತಿ, ಆದರೆ ಬೇಲಿ ಇಲ್ಲದ್ದರಿಂದ ಎದುರಿನ ಗಾಡಿ ದೂರದಿಂದಲೇ ಕಾಣುತ್ತದೆ. ಅದೇ ದೊಡ್ಡ ಸಮಾಧಾನ. ಅಡ್ರಿಗೋಲ್ ಕಡೆಯಿಂದ ಹತ್ತಿ, ಲೌರಾ ಕಡೆ ಇಳಿಯುವಾಗ ಗ್ಲಾನ್‌ಮೋರ್ ಸರೋವರ ಎದುರಿಗೇ ಬರುತ್ತದೆ. ನೀವು ಕೊಡಗಿನವರಾದರೆ ಅಳು ಬರುತ್ತದೆ, ಮಲೆನಾಡಿನವರಾದರೆ ಮರ ಯಾಕಿಲ್ಲ ಅಂತ ಕೇಳುತ್ತೀರಿ.

ಡಿಂಗಲ್‌ನ ಪಶ್ಚಿಮದ ಕರಾವಳಿ ಸುತ್ತುವ ಸ್ಲೇ ಹೆಡ್ ದಾರಿಯನ್ನು ಡಿಂಗಲ್‌ನಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಹೋಗಿ. ಬಸ್ಸುಗಳೂ ಹಾಗೇ ಹೋಗುತ್ತವೆ, ಎದುರು ಸಿಕ್ಕಿ ಪರದಾಡುವುದು ತಪ್ಪುತ್ತದೆ. ಒಂದು ಕಡೆ ದಾರಿ ಮೇಲೇ ತೊರೆ ಹರಿಯುತ್ತದೆ, ಗಾಬರಿ ಬೇಡ, ಮೊದಲ ಗೇರಿನಲ್ಲಿ ನಿಧಾನವಾಗಿ ದಾಟಿ. ಡನ್‌ಕ್ವಿನ್ ಜೆಟ್ಟಿಗೆ ಇಳಿಯುವ ಕಾಂಕ್ರೀಟ್ ಹಾದಿ ಫೋಟೊದಲ್ಲಿ ಚೆಂದ. ಅದಕ್ಕೆ ಕಾರು ಇಳಿಸಬೇಡಿ, ನಡೆದುಕೊಂಡು ಹೋಗಿ. ಕಿಲಾರ್ನಿ ಊರಿನಿಂದ ಹೊರಟು ಸುತ್ತಿ ಬರುವ ರಿಂಗ್ ಆಫ್ ಕೆರ್ರಿ ರಸ್ತೆಯಲ್ಲಿ ಬಸ್ಸುಗಳು ಉಲ್ಟಾ ದಿಕ್ಕು, ಕಿಲಾರ್ನಿಯಿಂದ ಕಿಲಾರ್ಗ್ಲಿನ್ ಕಡೆ. 179 ಕಿಲೊಮೀಟರ್ ಇದೆ, ಒಂದು ಇಡೀ ದಿನ. ಅದೇ ದಿಕ್ಕಿನಲ್ಲಿ, ಬೆಳಗ್ಗೆ 8ಕ್ಕೆ ಮೊದಲೇ ಹೊರಟುಬಿಡಿ. ಕಿಲಾರ್ನಿ ಹತ್ತಿರದ ಕಿರಿದಾದ ಬೆಟ್ಟದ ಸಂದು ಗ್ಯಾಪ್ ಆಫ್ ಡನ್‌ಲೋಗೆ ಕಾರು ಒಯ್ಯಲೇಬೇಡಿ. ಕುದುರೆಗಾಡಿ, ನಡೆಯುವವರು, ಸೈಕಲ್ಲು, ಎಲ್ಲ ಆ ಸಂದಿನಲ್ಲೇ. ಅಪ್ಪ ಅಮ್ಮನನ್ನು ಕುದುರೆಗಾಡಿಯಲ್ಲಿ ಕೂರಿಸಿ, ಖುಷಿಪಡುತ್ತಾರೆ.

ಡಿಂಗಲ್ ಪಶ್ಚಿಮಕ್ಕೆ ಐರಿಷ್ ಮಾತಾಡುವ ಸೀಮೆ, ಬೋರ್ಡುಗಳು ಐರಿಷ್‌ನಲ್ಲಿ ಮಾತ್ರ. ಡಿಂಗಲ್ ಅಂತ ಹುಡುಕಿದರೆ ಸಿಗದೆ ಹೋಗಬಹುದು, ಐರಿಷ್‌ನಲ್ಲಿ 'ಅನ್ ಡ್ಯಾಂಗನ್' ಅಥವಾ 'ಡ್ಯಾಂಗನ್ ಇ ಖೂಶ್' ಅಂತ ಇರುತ್ತದೆ. ತಲೆಕೆಳಗಾದ ತ್ರಿಕೋನದಲ್ಲಿ 'ಗೇಲ್ ಶ್ಲೀ' ಅಂತಿದ್ದರೆ ದಾರಿ ಬಿಡು ಅಂತ. ನಮ್ಮಪ್ಪ ರಸ್ತೆ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಗೋ ಮಾಲ್' ಅಂತ ಬರೆದದ್ದು ಓದಿ, ಇಷ್ಟು ಸಣ್ಣ ಊರಲ್ಲಿ ಮಾಲ್ ಎಲ್ಲಪ್ಪಾ ಅಂತ ಕೇಳಿದರು. ನಿಧಾನ ಅಂತ ಅದರ ಅರ್ಥ.

ಕಾರಿನ ವಿಷಯ. ನಾಲ್ಕು ಜನಕ್ಕೆ ಏಳು ಸೀಟಿನ ಗಾಡಿ ಬುಕ್ ಮಾಡೋಣ ಅಂತ ಬರೆದಿದ್ದೀರಿ. ದಯವಿಟ್ಟು ಬೇಡ. ಟೊಯೊಟಾ ಯಾರಿಸ್‌ನಂಥ ಸಣ್ಣ ಕಾರಿನ ಗಾತ್ರ ಸಾಕು, ಸೂಟ್‌ಕೇಸ್ ಕಡಿಮೆ ಮಾಡಿ. ಆಟೊಮ್ಯಾಟಿಕ್ ಬೇಕಿದ್ದರೆ ಈಗಲೇ ಬುಕ್ ಮಾಡಿ, ಇಲ್ಲಿ ಅದು ಕಡಿಮೆ, ಬೇಸಗೆಯಲ್ಲಿ ದುಬಾರಿ. ಇಂಡಿಕೇಟರ್ ಕಡ್ಡಿ ಇಲ್ಲಿ ಎಡಗಡೆ, ನಮ್ಮಲ್ಲಿ ಬಲಗಡೆ. ಮೊದಲ ದಿನ ಪ್ರತಿ ತಿರುವಿಗೂ ವೈಪರ್ ಹಾಕುತ್ತೀರಿ, ನಾಚಿಕೆ ಬೇಡ, ಎಲ್ಲರೂ ಮಾಡಿದ್ದೇ. ವಿಮೆಯಲ್ಲಿ ಟೈರು, ಗಾಜು, ಕನ್ನಡಿ, ಕಾರಿನ ಅಡಿಭಾಗ ಸೇರಿದೆಯಾ ಅಂತ ಬಾಯಿಬಿಟ್ಟು ಕೇಳಿ. ಕೆರ್ರಿಯಲ್ಲಿ ಕೈಕೊಡುವುದು ಅವೇ. ಕಾರು ತಗೊಳ್ಳುವಾಗ ಸುತ್ತಲೂ ವಿಡಿಯೊ ಮಾಡಿ, ಎಡಭಾಗವನ್ನು ಎರಡು ಸಲ.

ಭಾರತದ ಲೈಸೆನ್ಸ್ ಪ್ರವಾಸಿಗೆ ನಡೆಯುತ್ತದೆ, ಆದರೂ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು ಬನ್ನಿ, ಕೌಂಟರಿನಲ್ಲಿ ವಾದ ತಪ್ಪುತ್ತದೆ. ಡಬ್ಲಿನ್‌ನಲ್ಲಿ ಇಳಿದ ದಿನವೇ ಕಿಲಾರ್ನಿಗೆ ಓಡಿಸಬೇಡಿ, 300 ಕಿಲೊಮೀಟರ್‌ಗಿಂತ ಜಾಸ್ತಿ, ನಿದ್ದೆಗೆಟ್ಟ ಕಣ್ಣಿಗೆ ಅಪಾಯ. ಡಬ್ಲಿನ್ ಸುತ್ತುವ ಎಂ50 ರಸ್ತೆಯಲ್ಲಿ ಟೋಲ್ ಗೇಟು ಇಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತದೆ, ಮರುದಿನ ರಾತ್ರಿ 8ರೊಳಗೆ ದುಡ್ಡು ಕಟ್ಟಬೇಕು. ಬಾಡಿಗೆಯವರೇ ಕಟ್ಟುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಪೆಟ್ರೋಲಿನ ನಳಿಕೆ ಹಸಿರು, ಡೀಸೆಲ್ಲಿನದು ಕಪ್ಪು. ಬಂಕಿನಲ್ಲಿ ನೀವೇ ಹಾಕಿಕೊಳ್ಳಬೇಕು. ತುರ್ತಿಗೆ 112.

ಜೂನಿನಲ್ಲಿ ರಾತ್ರಿ 10ರ ತನಕ ಬೆಳಕಿರುತ್ತದೆ. ಹಾಗಾಗಿ ಮಧ್ಯಾಹ್ನದ ಗಿಜಿಗಿಜಿಯಲ್ಲಿ ಊಟ, ನಿದ್ದೆ ಮುಗಿಸಿ, ಸಂಜೆ 6ರ ನಂತರ ಪಾಸ್ ಹತ್ತಿ. ಪ್ರವಾಸಿಗರ ಗಾಡಿಗಳು ಹೆಚ್ಚಿನವು ವಾಪಸ್ ಹೋಗಿರುತ್ತವೆ. ಹಿಂದಿನ ಸೀಟಿನವರಿಗೆ ಶುಂಠಿ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳಿ, ಇಲ್ಲಿಯ ತಿರುವು ನಮ್ಮ ಘಾಟಿಯಷ್ಟೇ ಹೊಟ್ಟೆ ತೊಳಸುತ್ತದೆ.

ಯಾವ ದಿನ ಎಲ್ಲಿ ಉಳಿಯುತ್ತೀರಿ ಅಂತ ಇಲ್ಲೇ ಹಾಕಿ. ಕೆನ್‌ಮೇರ್ ಊರಿನಲ್ಲಿ ಎರಡು ರಾತ್ರಿ ಇದ್ದರೆ ಹೀಲಿ ಪಾಸ್ ಹತ್ತಿರ, ಡಿಂಗಲ್‌ನಿಂದ ಅಲ್ಲಿಗೆ ಒಂದೇ ದಿನದಲ್ಲಿ ಹೋಗಿಬರುವ ಪ್ಲಾನ್ ಇದ್ದರೆ ಈಗಲೇ ಬದಲಿಸೋಣ.