ಹಳೆಯ ಪಿಕಪ್ ಕೊಳ್ಳುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ರೈತ. ಟೊಮೆಟೊ ಕ್ರೇಟುಗಳನ್ನು ಕೋಲಾರದ ಮಾರುಕಟ್ಟೆಗೆ ಬಾಡಿಗೆ ಗಾಡಿಯಲ್ಲಿ ಸಾಗಿಸಿ ಸಾಕಾಗಿ, ಸ್ವಂತಕ್ಕೊಂದು ಹಳೆಯ ಬೊಲೆರೊ ಪಿಕಪ್ ಕೊಳ್ಳಬೇಕೆಂದಿದ್ದೇನೆ. ಎರಡು ಗಾಡಿ ನೋಡಿಟ್ಟಿದ್ದೇನೆ. ಒಂದು 2014ರದು, ಒಬ್ಬರೇ ಮಾಲೀಕರು, 2.10 ಲಕ್ಷ ಕಿ.ಮೀ. ಓಡಿದೆ. ಇನ್ನೊಂದು 2018ರದು, ಮೂರು ಕೈ ಬದಲಾಗಿದೆ, ಮೀಟರಿನಲ್ಲಿ 80 ಸಾವಿರ ಇದೆ, ಎಂಜಿನ್ ಕೆಲಸ ಈಗಷ್ಟೇ ಮಾಡಿಸಿದೆ ಎನ್ನುತ್ತಾರೆ. ಯಾವುದರ ಎಂಜಿನ್ ಹೆಚ್ಚು ಕಾಲ ಬಾಳುತ್ತದೆ?

ಉತ್ತರ: ಎರಡನೆಯ ಗಾಡಿಯ ವಿಷಯದಲ್ಲಿ ನೀವು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಸರಿಯಾಗಿ ನೋಡಿಕೊಂಡ 2523 ಸಿಸಿ ಡೀಸೆಲ್ ಎಂಜಿನ್ನನ್ನು 80 ಸಾವಿರ ಕಿ.ಮೀ.ಗೇ ಬಿಚ್ಚುವ ಪ್ರಮೇಯ ಬರಬಾರದು. ಬಿಚ್ಚಿದ್ದಾರೆಂದರೆ ಮೀಟರನ್ನು ಹಿಂದಕ್ಕೆ ತಿರುಗಿಸಿರಬೇಕು, ಇಲ್ಲವೇ ಗಾಡಿ ನೀರಿಲ್ಲದೆ ಕಾದು ಅಥವಾ ಆಯಿಲ್ ಇಲ್ಲದೆ ಓಡಿ ಕೆಟ್ಟಿರಬೇಕು. ಏನು ಕೆಲಸ ಮಾಡಿಸಿದರು, ಪಿಸ್ಟನ್ ಸುತ್ತ ಕೂರುವ ರಿಂಗ್ ಮಾತ್ರ ಬದಲಿಸಿದರೇ, ಪಿಸ್ಟನ್ ಮತ್ತು ಬೇರಿಂಗುಗಳನ್ನೂ ಹಾಕಿದರೇ, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಅಳೆದು ನೋಡಿದರೇ ಎಂಬುದಕ್ಕೆ ಬಿಡಿಭಾಗಗಳ ಬಿಲ್ ತೋರಿಸಲಿ. ಬಿಲ್ ಇಲ್ಲದ ಎಂಜಿನ್ ಕೆಲಸವನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಿಮ್ಮ ಭಾಗದಲ್ಲಿ ಹಳೆಯ ಎಂಜಿನ್ನುಗಳ ಆಯಸ್ಸನ್ನು ಕಡಿಮೆ ಮಾಡುವ ಮುಖ್ಯ ಸಂಗತಿ ನೀರು. ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳಲ್ಲಿ ಆಳದ ಕೊಳವೆಬಾವಿಯಿಂದ ಬರುವ ಗಡಸು ನೀರನ್ನೇ ಚಾಲಕರು ಬಾಟಲಿಯಲ್ಲಿ ಹಿಡಿದು ರೇಡಿಯೇಟರಿಗೆ ಸುರಿಯುತ್ತಾರೆ. ಆ ನೀರಿನ ಸುಣ್ಣದ ಅಂಶ ಬಿಸಿಗೆ ಬೇರ್ಪಟ್ಟು, ಸಿಲಿಂಡರಿನ ಸುತ್ತಲಿನ ನೀರಿನ ದಾರಿಗಳಲ್ಲಿ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರದಂತೆಯೇ ಗಟ್ಟಿಯಾಗಿ ಕೂರುತ್ತದೆ. ಶಾಖ ಹೊರಗೆ ಹೋಗಲಾರದೆ ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ ಡೊಂಕಾಗುತ್ತದೆ, ಅದರ ಕೆಳಗಿನ ಗ್ಯಾಸ್ಕೆಟ್ ಸುಟ್ಟು ನೀರೂ ಆಯಿಲ್ಲೂ ಬೆರೆಯುತ್ತವೆ. ಸ್ನೇಹಿತರೊಬ್ಬರಿಗಾಗಿ ನಾನು ನೋಡಲು ಹೋಗಿದ್ದ ಒಂದು ಪಿಕಪ್ಪಿನ ರೇಡಿಯೇಟರ್ ಮುಚ್ಚಳ ತೆಗೆದಾಗ, ಒಳಗಿನ ಕೊಳವೆಗಳ ಬಾಯಿ ಅರ್ಧಕ್ಕರ್ಧ ಬಿಳಿ ಹೆಕ್ಕಳಿಕೆಯಿಂದ ಮುಚ್ಚಿಹೋಗಿತ್ತು, ನೀರು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಹೊರಗೆ ಹೊಸ ಬಣ್ಣ, ಹೊಸ ಟಾರ್ಪಾಲು ಎಲ್ಲ ಇದ್ದವು. ಆ ಗಾಡಿಯನ್ನು ಬೇಡವೆಂದೆ. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಹೋಗಿ, ಮುಚ್ಚಳವನ್ನು ನಿಮ್ಮ ಕೈಯಿಂದಲೇ ತೆಗೆದು, ಒಳಗಿರುವುದು ಬಣ್ಣದ ಕೂಲಂಟೋ ಬರೀ ನೀರೋ ನೋಡಿ.

ಇದರ ಜೊತೆಗೇ ಪರೀಕ್ಷಿಸಬೇಕಾದದ್ದು, ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ವಾಲ್ವ್. ಗಾಡಿ ಕಾಯುತ್ತದೆಂದು ದೂರು ಬಂದಾಗ ಅದನ್ನು ಕಿತ್ತು ಬಿಸಾಡುವ ಅಭ್ಯಾಸ ನಮ್ಮ ಅನೇಕ ಗ್ಯಾರೇಜುಗಳಲ್ಲಿದೆ, ಮತ್ತು ಇದು ನನಗೆ ನಿಜಕ್ಕೂ ಬೇಸರ ತರಿಸುವ ಅಭ್ಯಾಸ. ವಾಲ್ವ್ ಇಲ್ಲದ ಎಂಜಿನ್ ಬೆಳಗಿನ ಹೊತ್ತು ಬೇಕಾದ ಬಿಸಿಗೆ ಬರಲು ಬಹಳ ಸಮಯ ಹಿಡಿಯುತ್ತದೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ರಿಂಗುಗಳು ಬೇಗ ಸವೆಯುತ್ತವೆ. ತಣ್ಣಗಿನ ಎಂಜಿನ್ ಚಾಲೂ ಮಾಡಿಸಿ, ಫ್ಯಾನಿಗೆ ಕೈ ತಾಗದಂತೆ ಎಚ್ಚರವಹಿಸಿ, ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡುತ್ತಿರಿ. ಕೆಲವು ನಿಮಿಷ ತಣ್ಣಗೇ ಇದ್ದು ಆಮೇಲೆ ಬೇಗನೆ ಬಿಸಿಯಾದರೆ ವಾಲ್ವ್ ಇದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಬಂದರೆ ಅದು ತೆರೆದೇ ಕೂತಿದೆ ಅಥವಾ ಅಲ್ಲಿ ಇಲ್ಲ.

ಇನ್ನು ದೂಳು. ಹೊಲದ ದಾರಿಯ ದೂಳಿನಲ್ಲಿ ಸಣ್ಣ ಮರಳಿರುತ್ತದೆ. ಅದು ಸಿಲಿಂಡರಿನೊಳಗೆ ಹೋದರೆ ಉಪ್ಪುಕಾಗದ ಹಾಕಿ ತಿಕ್ಕಿದಂತೆಯೇ. ಏರ್ ಫಿಲ್ಟರಿನಿಂದ ಟರ್ಬೊಗೆ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗುವ ರಬ್ಬರ್ ಹೋಸನ್ನು ಬಿಚ್ಚಿಸಿ ಒಳಗೆ ಬೆರಳಾಡಿಸಿ. ಬೆರಳಿಗೆ ದೂಳು ಹತ್ತಿದರೆ ಫಿಲ್ಟರ್ ಹೊಸದಿದ್ದರೂ ಪ್ರಯೋಜನವಿಲ್ಲ, ಎಂಜಿನ್ ಆಗಲೇ ಅದನ್ನು ನುಂಗಿದೆ ಎಂದರ್ಥ. ಬಳಿಕ ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿಸಿ ನೋಡಿ. ತುಸು ಆವಿ ಸಹಜ. ಹೊಗೆ ದಬದಬನೆ ನುಗ್ಗಿ ಬಂದು, ಮುಚ್ಚಳವನ್ನು ಮೇಲಿಟ್ಟರೆ ಕುಣಿಯುತ್ತಿದ್ದರೆ, ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ರಿಂಗು, ಬೋರು (ಸಿಲಿಂಡರಿನ ಒಳಗೋಡೆ) ಸವೆದಿವೆ. ಆಯಿಲ್ ಕಪ್ಪಗಿದೆಯೆಂದು ಮಾತ್ರ ಗಾಬರಿಯಾಗಬೇಡಿ, ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲ್ಲೂ ಬಹಳ ಬೇಗ ಕಪ್ಪಾಗುತ್ತದೆ. ಹಾಲು ಬೆರೆತಂತೆ ಕಂಡರೆ ಆಯಿಲ್ಲಿಗೆ ನೀರು ಸೇರಿದೆ, ಅಲ್ಲಿಂದ ಹೊರಡಿ.

ಎರಡು ಗಾಡಿಗಳ ನಡುವೆ ಇನ್ನೊಂದು ವ್ಯತ್ಯಾಸವಿದೆ. ದೇಶದಾದ್ಯಂತ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 4 ನಿಯಮ ಬಂದದ್ದು 2017ರ ಏಪ್ರಿಲ್ 1ರಂದು. ಹೀಗಾಗಿ 2018ರ ಗಾಡಿಯಲ್ಲಿ ಕಾಮನ್ ರೈಲ್ ವ್ಯವಸ್ಥೆಯಿರುತ್ತದೆ, ಅಂದರೆ ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುತ್ತದೆ. ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಕೆಲಸ ಮಾಡುವ ಅದರ ಇಂಜೆಕ್ಟರುಗಳು (ಡೀಸೆಲ್ ಸಿಂಪಡಿಸುವ ನಳಿಕೆಗಳು) ನೀರು ಬೆರೆತ ಅಥವಾ ಕಸವಿರುವ ಡೀಸೆಲನ್ನು ಸಹಿಸುವುದಿಲ್ಲ, ಕೆಟ್ಟರೆ ಖರ್ಚೂ ದೊಡ್ಡದು. 2014ರ ಗಾಡಿಯಲ್ಲಿ ಹಳೆಯ ಮಾದರಿಯ ಡೀಸೆಲ್ ಪಂಪ್ ಇದ್ದರೆ (ಪಂಪ್ ನೋಡಿದ ಮೆಕ್ಯಾನಿಕ್ ಕೂಡಲೇ ಹೇಳಬಲ್ಲರು) ತಾಲ್ಲೂಕು ಕೇಂದ್ರದ ಪಂಪ್ ರಿಪೇರಿಯವರೇ ಅದನ್ನು ಸರಿಮಾಡಿ ಕೊಡಬಲ್ಲರು. ಮೇಲಿನ ಪರೀಕ್ಷೆಗಳಲ್ಲಿ ತೇರ್ಗಡೆಯಾದರೆ 2.10 ಲಕ್ಷ ಓಡಿದ, ಒಬ್ಬರ ಕೈಯಲ್ಲೇ ಇದ್ದ 2014ರ ಗಾಡಿಯನ್ನೇ ನಾನು ಆರಿಸುತ್ತೇನೆ. ಮನೆಗೆ ತಂದ ವಾರದಲ್ಲೇ ಆಯಿಲ್, ಮೂರೂ ಫಿಲ್ಟರ್ (ಆಯಿಲ್, ಡೀಸೆಲ್, ಗಾಳಿ), ಕೂಲಂಟ್ ಬದಲಿಸಿ. ಕೂಲಂಟಿಗೆ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಬೆರೆಸಿ.

ಪ್ರಶ್ನೆ: ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ತರಕಾರಿ ಒಯ್ಯುವ ನನ್ನ ಹಳೆಯ ಡೀಸೆಲ್ ಟಾಟಾ ಏಸ್ ಆಯಿಲ್ ಕುಡಿಯುತ್ತಿದೆ. ಬೋರ್ ಮಾಡಿಸಲೇಬೇಕು (ಸಿಲಿಂಡರಿನ ಒಳಗೋಡೆ ಕೊರೆಸಬೇಕು) ಎಂದು ಗ್ಯಾರೇಜಿನವರು ಹೇಳುತ್ತಾರೆ. ಹೌದೇ?

ಉತ್ತರ: ಅವಸರ ಬೇಡ. 2005ರಲ್ಲಿ ಬಂದ ಏಸ್‌ನ 702 ಸಿಸಿ ಎಂಜಿನ್ನಿಗೆ ಎರಡೇ ಸಿಲಿಂಡರ್; ಮರಳಿ ಘಟ್ಟ ಹತ್ತುವಾಗ ಅದು ತನ್ನ ಶಕ್ತಿಯ ಕೊನೆಯ ಹನಿಯವರೆಗೂ ದುಡಿಯುತ್ತದೆ, ಸವೆತ ಸಹಜ. ಆದರೆ ಆಯಿಲ್ ಎಲ್ಲಿಗೆ ಹೋಗುತ್ತಿದೆಯೆಂಬುದು ಮೊದಲು ತಿಳಿಯಬೇಕು. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಕಲೆಯಿದೆಯೇ ನೋಡಿ. ಸೀಲ್ ಸೋರುತ್ತಿದ್ದರೆ ಬೋರ್ ಮಾಡಿಸಿ ಫಲವಿಲ್ಲ. ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತುಹೋದರೆ ವಾಲ್ವ್ ಸೀಲ್ ಮೇಲೆ ಅನುಮಾನ, ಅದು ಕಡಿಮೆ ಖರ್ಚಿನ ಕೆಲಸ. ಏರಿನುದ್ದಕ್ಕೂ ನೀಲಿ ಹೊಗೆಯಿದ್ದರೆ ರಿಂಗುಗಳದ್ದೇ ದೋಷ. ಆಗಲೂ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯಿಸಿ, ಎರಡು ಸಿಲಿಂಡರುಗಳ ಅಂಕಿಯನ್ನೂ ಬರೆಸಿಕೊಂಡು, ಆ ಚೀಟಿ ಕೈಯಲ್ಲಿಟ್ಟುಕೊಂಡೇ ಎಂಜಿನ್ ಬಿಚ್ಚಲು ಒಪ್ಪಿ. ಅಲ್ಲಿಯವರೆಗೆ ಪ್ರತಿದಿನ ಘಟ್ಟಕ್ಕೆ ಹೊರಡುವ ಮೊದಲು ಆಯಿಲ್ ಕಡ್ಡಿ ನೋಡಿ, ಮಟ್ಟ ಇಳಿಯಲು ಬಿಡಬೇಡಿ.

ಪ್ರಶ್ನೆ: ಹಳೆಯ ಪಿಕಪ್ಪಿಗೆ ಬೇರೆ ಎಂಜಿನ್ ಕೂರಿಸಿದ್ದಾರೆ. ಕೊಳ್ಳಬಹುದೇ?

ಉತ್ತರ: ಎಂಜಿನ್ ಚೆನ್ನಾಗಿದ್ದರೂ, ಬ್ಲಾಕಿನ ಮೇಲೆ ಕೆತ್ತಿರುವ ಸಂಖ್ಯೆ ಆರ್‌ಸಿಯಲ್ಲಿರುವ ಸಂಖ್ಯೆಗೆ ತಾಳೆಯಾಗದಿದ್ದರೆ ಮುಂಗಡ ಕೊಡಬೇಡಿ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕಾಗುತ್ತದೆ. ಸಂಖ್ಯೆ ತಪ್ಪಿದರೆ ತೊಂದರೆ ಶುರುವಾಗುವುದೇ ಅಲ್ಲಿ. ಎಂಜಿನ್ ಬದಲಾವಣೆಯನ್ನು ಮಾರುವವರೇ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಿಕೊಟ್ಟ ಮೇಲೆ ಮಾತು ಮುಂದುವರಿಸಿ.