ರೀಡ್ ಮೆಥಡ್ ಓವರ್‌ರೈಡ್ ಮಾಡಿದರೂ ನನ್ನ ಫಿಲ್ಟರ್ ಸ್ಟ್ರೀಮ್ ಯಾಕೆ ಸೋಸುವುದಿಲ್ಲ?

ನೀವು ಕೇಳಿದ್ದನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ, ಬೇರೆಯವರು ಓದುವಾಗ ಅನುಕೂಲವಾಗಲಿ. ಮಲ್ಪೆಯ ಮೀನಿನ ದರಪಟ್ಟಿ ಜಿಝಿಪ್ ಮಾಡಿದ (ಅಂದರೆ ಕುಗ್ಗಿಸಿದ) ಟೆಕ್ಸ್ಟ್ ಫೈಲಾಗಿ ನಿಮಗೆ ಬರುತ್ತದೆ. ಸಾಲಿಗೊಂದು ಮೀನು: ಬಂಗುಡೆ, ಬೂತಾಯಿ, ಅಂಜಲ್, ಕಾಣೆ; ಪಕ್ಕದಲ್ಲಿ ತೂಕ, ದರ. ತೂಕದ ಯಂತ್ರದ ಸಾಫ್ಟ್‌ವೇರ್ ನಡುನಡುವೆ ಮೌಲ್ಯ 0 ಇರುವ ಬೈಟುಗಳನ್ನು ತುರುಕುತ್ತದೆ. ಅವನ್ನು ತೆಗೆಯಲು ಜಾವಾದಲ್ಲಿ, ಇನ್ನೊಂದು ಸ್ಟ್ರೀಮನ್ನು ಸುತ್ತಿಕೊಂಡು ಅದರಿಂದ ಓದುವ ಫಿಲ್ಟರ್‌ಇನ್‌ಪುಟ್‌ಸ್ಟ್ರೀಮ್ ಎಕ್ಸ್‌ಟೆಂಡ್ ಮಾಡಿ, ರೀಡ್ ಮೆಥಡ್ ಓವರ್‌ರೈಡ್ ಮಾಡಿದ್ದೀರಿ. ಒಂದೊಂದೇ ಬೈಟ್ ಓದಿದರೆ ಸೊನ್ನೆಗಳು ಹೋಗುತ್ತವೆ, ಬಫರ್ (ಒಂದೇ ಸಲಕ್ಕೆ ಹಲವು ಬೈಟ್ ತುಂಬುವ ಅರೇ) ಕೊಟ್ಟು ಓದಿದರೆ ಹಾಗೇ ಉಳಿಯುತ್ತವೆ. ಜೊತೆಗೆ ಅಲ್ಲಲ್ಲಿ ಕನ್ನಡ ಅಕ್ಷರ ಒಡೆದು, ಕಪ್ಪು ವಜ್ರದೊಳಗಿನ ಪ್ರಶ್ನೆಚಿಹ್ನೆ ಕಾಣುತ್ತದೆ. ಇವು ಎರಡು ಬೇರೆ ಬೇರೆ ತೊಂದರೆಗಳು.

ಮೊದಲನೆಯದು. ಇನ್‌ಪುಟ್‌ಸ್ಟ್ರೀಮ್‌ನಲ್ಲಿ ರೀಡ್ ಎಂಬ ಹೆಸರಿನ ಮೆಥಡ್ ಮೂರಿವೆ. ಆರ್ಗ್ಯುಮೆಂಟ್ ಇಲ್ಲದ್ದು ಒಂದು ಬೈಟ್ ಕೊಡುತ್ತದೆ. ಅರೇ ಮಾತ್ರ ತೆಗೆದುಕೊಳ್ಳುವುದು ಎರಡನೆಯದು. ಅರೇ, ಆಫ್‌ಸೆಟ್ (ಅರೇಯಲ್ಲಿ ಎಲ್ಲಿಂದ ತುಂಬಬೇಕು ಎಂಬುದು), ಉದ್ದ ಈ ಮೂರನ್ನೂ ತೆಗೆದುಕೊಳ್ಳುವುದು ಮೂರನೆಯದು. ನೇರವಾಗಿ ಇನ್‌ಪುಟ್‌ಸ್ಟ್ರೀಮ್ ಎಕ್ಸ್‌ಟೆಂಡ್ ಮಾಡಿದ್ದರೆ ನೀವು ಬಚಾವಾಗುತ್ತಿದ್ದಿರಿ: ಅಲ್ಲಿ ಮೂರನೆಯ ರೀಡ್ ತನ್ನದೇ ಒಂದು ಬೈಟಿನ ರೀಡನ್ನು ಲೂಪಿನಲ್ಲಿ ಕರೆಯುತ್ತದೆ. ಫಿಲ್ಟರ್‌ಇನ್‌ಪುಟ್‌ಸ್ಟ್ರೀಮ್ ಹಾಗಲ್ಲ. ಅದರ ಮೂರನೆಯ ರೀಡ್ ಒಳಗಿನ ಸ್ಟ್ರೀಮಿನ ಮೂರನೆಯ ರೀಡಿಗೇ ಕೆಲಸ ಒಪ್ಪಿಸುತ್ತದೆ. ನೀವು ಬರೆದ ಕೋಡಿನ ಹತ್ತಿರವೂ ಅದು ಸುಳಿಯುವುದಿಲ್ಲ. ಬಫರ್ಡ್‌ಇನ್‌ಪುಟ್‌ಸ್ಟ್ರೀಮ್, ಇನ್‌ಪುಟ್‌ಸ್ಟ್ರೀಮ್‌ರೀಡರ್ ಎಲ್ಲವೂ ಕರೆಯುವುದು ಈ ಮೂರನೆಯದನ್ನೇ. ಆದ್ದರಿಂದ ನಿಮ್ಮ ಕ್ಲಾಸ್ ಎರ‍್ರರ್ ಏನೂ ಕೊಡದೆ, ಸೋಸದೆ ಕೂತಿರುತ್ತದೆ. ಅರೇ ಮಾತ್ರ ಇರುವ ಎರಡನೆಯದು ಮೂರನೆಯದನ್ನೇ ಕರೆಯುವುದರಿಂದ ಅದನ್ನು ಮುಟ್ಟಬೇಕಾಗಿಲ್ಲ. ಅಂದರೆ ಓವರ್‌ರೈಡ್ ಮಾಡಬೇಕಾದ್ದು ಎರಡು: ಒಂದು ಬೈಟಿನದು, ಮೂರು ಆರ್ಗ್ಯುಮೆಂಟಿನದು.

ಒಂದು ಬೈಟಿನದರಲ್ಲಿ ಹೆಚ್ಚೇನಿಲ್ಲ. ಒಳಗಿನ ಸ್ಟ್ರೀಮಿನಿಂದ ಓದಿ, ಬಂದದ್ದು 0 ಆಗಿರುವವರೆಗೂ ಮತ್ತೆ ಓದಿ, ಬೇರೆ ಏನು ಬಂದರೂ ಹಿಂತಿರುಗಿಸಿ. ಫೈಲ್ ಮುಗಿದಾಗ ಬರುವ -1 ಸೊನ್ನೆಯಲ್ಲವಾದ್ದರಿಂದ ಲೂಪು ತಾನಾಗಿ ನಿಲ್ಲುತ್ತದೆ. ಬಂದ ಮೌಲ್ಯವನ್ನು ಇಂಟ್ ಆಗಿಯೇ ಇಟ್ಟುಕೊಳ್ಳಿ. ಬೈಟಿಗೆ ಕಾಸ್ಟ್ ಮಾಡಿ ಆಮೇಲೆ -1 ಜೊತೆ ಹೋಲಿಸಿದರೆ, ಮೌಲ್ಯ 255 ಇರುವ ಬೈಟ್ ಸಿಕ್ಕ ಕೂಡಲೇ ಫೈಲ್ ಮುಗಿಯಿತು ಎಂದು ಪ್ರೋಗ್ರಾಮ್ ನಂಬುತ್ತದೆ.

ಮೂರು ಆರ್ಗ್ಯುಮೆಂಟಿನದರಲ್ಲಿ ಗಮನ ಬೇಕು. ಕೇಳಿದ ಉದ್ದ 0 ಆಗಿದ್ದರೆ 0 ಕೊಟ್ಟು ಹೊರಬನ್ನಿ. ಇಲ್ಲವಾದರೆ ಒಳಗಿನ ಸ್ಟ್ರೀಮಿನಿಂದ ಅದೇ ಅರೇಗೆ, ಅದೇ ಆಫ್‌ಸೆಟ್‌ಗೆ ಓದಿ. -1 ಬಂದರೆ -1 ಕೊಡಿ. ಇಲ್ಲದಿದ್ದರೆ ಬಂದ ಸಂಖ್ಯೆಯನ್ನು ನೆನಪಿಟ್ಟು, ಆಫ್‌ಸೆಟ್‌ನಿಂದಲೇ ಎರಡು ಇಂಡೆಕ್ಸ್ ಶುರು ಮಾಡಿ: ಒಂದು ಓದುವ ಜಾಗ, ಇನ್ನೊಂದು ಬರೆಯುವ ಜಾಗ. ಓದುವ ಇಂಡೆಕ್ಸ್ ಎಲ್ಲ ಬೈಟುಗಳ ಮೇಲೂ ಹೋಗುತ್ತದೆ. ಬೈಟ್ ಸೊನ್ನೆ ಅಲ್ಲದಿದ್ದರೆ ಮಾತ್ರ ಅದನ್ನು ಬರೆಯುವ ಜಾಗಕ್ಕೆ ಹಾಕಿ ಬರೆಯುವ ಇಂಡೆಕ್ಸನ್ನು ಒಂದು ಮುಂದೆ ಸರಿಸಿ. ಕೊನೆಗೆ ಬರೆಯುವ ಇಂಡೆಕ್ಸಿನಿಂದ ಆಫ್‌ಸೆಟ್ ಕಳೆದರೆ ಉಳಿದ ಬೈಟುಗಳ ಲೆಕ್ಕ, ಅದನ್ನೇ ಹಿಂತಿರುಗಿಸಬೇಕು. ಇನ್ನೊಂದು ಅರೇ ಬೇಡ.

ಆ ಲೆಕ್ಕ 0 ಆದರೆ? ಓದಿದ ಇಡೀ ತುಂಡು ಬರೇ ಸೊನ್ನೆಗಳೇ ಆಗಿದ್ದರೆ ಹಾಗಾಗುತ್ತದೆ. ಆಗ 0 ಹಿಂತಿರುಗಿಸಬಾರದು, ಮತ್ತೆ ಓದಬೇಕು. ಒಂದಾದರೂ ಬೈಟ್ ಉಳಿಯುವವರೆಗೆ, ಇಲ್ಲವೇ -1 ಬರುವವರೆಗೆ. 0 ಕೊಟ್ಟರೆ ಇನ್‌ಪುಟ್‌ಸ್ಟ್ರೀಮ್‌ರೀಡರ್ ‘ಅಂಡರ್‌ಲೈಯಿಂಗ್ ಇನ್‌ಪುಟ್ ಸ್ಟ್ರೀಮ್ ರಿಟರ್ನ್ಡ್ ಝೀರೋ ಬೈಟ್ಸ್’ ಎಂದು ಐಒಎಕ್ಸೆಪ್ಷನ್ ಎಸೆಯುತ್ತದೆ. ಕೆಲವರು ಬರೆದ ಲೂಪುಗಳಂತೂ 0 ಬಂದರೆ ಫೈಲ್ ಮುಗಿಯಿತೆಂದು ಸದ್ದಿಲ್ಲದೆ ನಿಲ್ಲುತ್ತವೆ, ಅದು ಇನ್ನೂ ಕೆಟ್ಟದ್ದು. ಚಿಕ್ಕ ಫೈಲಿನಲ್ಲಿ ಈ ತಪ್ಪು ಕಾಣಿಸಿಕೊಳ್ಳುವುದು ಅಪರೂಪ.

ಇವೆರಡು ಆದ ಮೇಲೆ ಸ್ಕಿಪ್ ಮತ್ತು ಮಾರ್ಕ್ ನೋಡಿ. ಸ್ಕಿಪ್ ಕೂಡ ಒಳಗಿನ ಸ್ಟ್ರೀಮಿಗೇ ಹೋಗುವುದರಿಂದ, 100 ಬೈಟ್ ಹಾರಿಸು ಎಂದರೆ ಸೋಸದ 100 ಬೈಟ್ ಹಾರುತ್ತದೆ. ಯಾರಾದರೂ ಬಳಸುವ ಸಂಭವ ಇದ್ದರೆ ನಿಮ್ಮದೇ ರೀಡ್ ಕರೆದು ಎಸೆಯುವ ಹಾಗೆ ಬರೆಯಿರಿ. ಮಾರ್ಕ್ ಎಂದರೆ ಒಂದು ಜಾಗಕ್ಕೆ ಗುರುತಿಟ್ಟು, ಆಮೇಲೆ ರೀಸೆಟ್ ಕರೆದು ಅಲ್ಲಿಗೇ ಮರಳುವುದು; ಅದು ಬೇಡ, ಮಾರ್ಕ್‌ಸಪೋರ್ಟೆಡ್ ಫಾಲ್ಸ್ ಕೊಡಲಿ. ಸೊನ್ನೆ ತೆಗೆಯುವ ಫಿಲ್ಟರಿಗೆ ಹಿಂದಿನ ಬೈಟಿನ ನೆನಪು ಬೇಡ, ನಿಜ. ನಾಳೆ ಹಿಂದಿನ ಬೈಟ್ ನೋಡಿ ತೀರ್ಮಾನಿಸುವ ಫಿಲ್ಟರ್ ಬರೆದರೆ ರೀಸೆಟ್ ಆದಾಗ ಆ ನೆನಪು ತಪ್ಪುತ್ತದೆ, ಆದ್ದರಿಂದ ಈಗಲೇ ಬಾಗಿಲು ಹಾಕುವುದು ಒಳ್ಳೆಯದು. ಕಾಯದೆ ಎಷ್ಟು ಬೈಟ್ ಓದಬಹುದು ಎಂದು ಹೇಳುವ ಅವೈಲಬಲ್ ಕೊಟ್ಟ ಸಂಖ್ಯೆ ನಂಬಿ ಅರೇ ಮಾಡಬೇಡಿ ಮಾರಾಯ್ರೆ. ಜಿಝಿಪ್‌ಇನ್‌ಪುಟ್‌ಸ್ಟ್ರೀಮ್‌ನಲ್ಲಿ ಅದು ಫೈಲ್ ಮುಗಿಯುವವರೆಗೂ 1 ಎಂದೇ ಹೇಳುತ್ತದೆ.

ಇನ್ನು ಯಾವುದರ ಮೇಲೆ ಯಾವುದು. ಒಳಗಿನಿಂದ ಹೊರಗೆ ನಾನು ಹೇಳುವ ಕ್ರಮ ಇದು: ಫೈಲ್‌ಇನ್‌ಪುಟ್‌ಸ್ಟ್ರೀಮ್, ಅದರ ಮೇಲೆ ಜಿಝಿಪ್‌ಇನ್‌ಪುಟ್‌ಸ್ಟ್ರೀಮ್, ಅದರ ಮೇಲೆ ನಿಮ್ಮ ಸೊನ್ನೆ ಸೋಸುವ ಕ್ಲಾಸ್, ಅದರ ಮೇಲೆ ಬೈಟುಗಳನ್ನು ಅಕ್ಷರ ಮಾಡುವ, ಯುಟಿಎಫ್-8 ಎಂದು ಹೇಳಿದ ಇನ್‌ಪುಟ್‌ಸ್ಟ್ರೀಮ್‌ರೀಡರ್, ಎಲ್ಲಕ್ಕಿಂತ ಹೊರಗೆ ಬಫರ್ಡ್‌ರೀಡರ್. ಪ್ರತಿಯೊಂದೂ ತನಗೆ ಅರ್ಥವಾಗುವ ವಸ್ತುವಿನ ಮೇಲೆ ಮಾತ್ರ ಕೆಲಸ ಮಾಡಬೇಕು. ನಿಮ್ಮ ಫಿಲ್ಟರನ್ನು ಜಿಝಿಪ್‌ನ ಕೆಳಗೆ ಇಟ್ಟರೆ ಅದು ಕಂಪ್ರೆಸ್ ಆದ ಬೈಟುಗಳಿಂದ ಸೊನ್ನೆ ತೆಗೆಯುತ್ತದೆ. ಜಿಝಿಪ್ ಫೈಲಿನ ಮೊದಲ 10 ಬೈಟ್ ಹೆಡರ್: 31, 139, 8 ಎಂದು ಶುರುವಾಗಿ ಆಮೇಲೆ ಸಾಮಾನ್ಯವಾಗಿ ಹಲವು ಸೊನ್ನೆಗಳೇ ಇರುತ್ತವೆ. ಅಲ್ಲೇ ಫೈಲ್ ಹಾಳು.

ಬಫರಿಂಗ್ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳಬೇಡಿ. ಜಿಝಿಪ್‌ಇನ್‌ಪುಟ್‌ಸ್ಟ್ರೀಮ್‌ನ ಡಿಫಾಲ್ಟ್ ಬಫರ್ 512 ಬೈಟ್ ಮಾತ್ರ. ಕನ್‌ಸ್ಟ್ರಕ್ಟರಿನ ಎರಡನೆಯ ಆರ್ಗ್ಯುಮೆಂಟಾಗಿ 8192 ಅಥವಾ 65536 ಕೊಟ್ಟರೆ ಸಾಕು, ನಡುವೆ ಬಫರ್ಡ್‌ಇನ್‌ಪುಟ್‌ಸ್ಟ್ರೀಮ್ ಬೇಕಾಗುವುದಿಲ್ಲ. ಇನ್‌ಪುಟ್‌ಸ್ಟ್ರೀಮ್‌ರೀಡರಿಗೆ ತನ್ನದೇ ಬೈಟ್ ಬಫರ್ ಇದೆ. ಫೈಲ್‌ಇನ್‌ಪುಟ್‌ಸ್ಟ್ರೀಮ್‌ನ ಮೇಲೆ ನೇರವಾಗಿ ಒಂದೊಂದೇ ಬೈಟ್ ಓದುವವರಿಗೆ ಮಾತ್ರ ಬಫರ್ ಕಡ್ಡಾಯ, ಯಾಕೆಂದರೆ ಅಲ್ಲಿ ಪ್ರತಿ ಬೈಟಿಗೂ ಆಪರೇಟಿಂಗ್ ಸಿಸ್ಟಮ್ಮಿಗೆ ಹೋಗಿ ಬರಬೇಕು. ಒಮ್ಮೆ ಸುತ್ತಿದ ಮೇಲೆ ಒಳಗಿನ ಸ್ಟ್ರೀಮಿನಿಂದ ನೇರವಾಗಿ ಓದಲೇಬಾರದು. ಹೊರಗಿನದು ಮುಂದಿನ ಬೈಟುಗಳನ್ನು ಆಗಲೇ ಎಳೆದುಕೊಂಡಿರುತ್ತದೆ, ನಿಮಗೆ ಸಿಗುವುದು ನಡುವೆ ಎಲ್ಲೋ ಒಂದು ತುಂಡು.

ಈಗ ಒಡೆಯುವ ಅಕ್ಷರ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಅಕ್ಷರ ಇಲ್ಲವೇ ಅದಕ್ಕೆ ಸೇರುವ ಸ್ವರಚಿಹ್ನೆಯಂಥ ಒಂದು ಗುರುತು) 3 ಬೈಟ್. ಮೊದಲನೆಯದು 224, ಎರಡನೆಯದು 178 ಅಥವಾ 179. ‘ಉಡುಪಿ’ ಎಂದರೆ 5 ಕೋಡ್‌ಪಾಯಿಂಟ್, 15 ಬೈಟ್. ‘ಮಂಗಳೂರು’ 7, ಅಂದರೆ 21 ಬೈಟ್. ನೀವು 8192 ಬೈಟಿನ ಅರೇ ತುಂಬಿಸಿ, ಪ್ರತಿ ಸಲವೂ ಅದನ್ನು ಸ್ಟ್ರಿಂಗ್ ಮಾಡುತ್ತಿದ್ದೀರಿ. 8192ನ್ನು 3ರಿಂದ ಭಾಗಿಸಿದರೆ 2 ಉಳಿಯುತ್ತದೆ. ಫೈಲ್ ತುಂಬ ಬರೇ ಕನ್ನಡ ಇದ್ದರೂ ಮೊದಲ ತುಂಡಿನ ಕೊನೆಗೆ ಒಂದು ಅಕ್ಷರದ ಎರಡು ಬೈಟ್ ಈ ಕಡೆ, ಒಂದು ಬೈಟ್ ಆ ಕಡೆ. ನಡುವೆ ಅಂಕಿ, ಸ್ಪೇಸ್ ಇದ್ದರೆ ಎಲ್ಲಿ ಬೇಕಾದರೂ ತುಂಡಾಗಬಹುದು. ಜೊತೆಗೆ ರೀಡ್ ಯಾವಾಗಲೂ ಅರೇ ತುಂಬಿಸಿಯೇ ಕೊಡುತ್ತದೆ ಎಂಬ ಭರವಸೆಯೂ ಇಲ್ಲ. ಹಿಂತಿರುಗಿ ಬಂದ ಸಂಖ್ಯೆ ನೋಡದೆ ಇಡೀ ಅರೇ ಬಳಸಿದರೆ ಹಿಂದಿನ ಸಲದ ಬಾಲವೂ ಸೇರಿಕೊಳ್ಳುತ್ತದೆ. ಇದಕ್ಕೆಲ್ಲ ಮದ್ದು ಇನ್‌ಪುಟ್‌ಸ್ಟ್ರೀಮ್‌ರೀಡರ್: ಅರ್ಧ ಉಳಿದ ಬೈಟುಗಳನ್ನು ಅದು ಹಿಡಿದಿಟ್ಟುಕೊಂಡು ಮುಂದಿನ ತುಂಡಿಗೆ ಜೋಡಿಸುತ್ತದೆ.

ಅದಕ್ಕೆ ಚಾರ್‌ಸೆಟ್ (ಯಾವ ಬೈಟುಗಳು ಯಾವ ಅಕ್ಷರ ಎಂಬ ಪದ್ಧತಿ) ಹೇಳಲೇಬೇಕು. ಜೆಡಿಕೆ 18ರಿಂದ ಡಿಫಾಲ್ಟ್ ಯುಟಿಎಫ್-8. ಅದಕ್ಕಿಂತ ಹಳೆಯದರಲ್ಲಿ ಮೆಷಿನ್ನಿನ ಸೆಟ್ಟಿಂಗ್ ಏನಿದೆಯೋ ಅದು. ಲಿನಕ್ಸಿನಲ್ಲಿ ಸರಿಯಾಗಿ ಓಡಿದ್ದು ವಿಂಡೋಸಿನಲ್ಲಿ ಕೆಡುವುದು ಇದರಿಂದಲೇ. ಇನ್ನೊಂದು: ಚಾರ್‌ಸೆಟ್ ಹೆಸರು ಕೊಟ್ಟರೆ ತಪ್ಪು ಬೈಟ್ ಬಂದಾಗ ರೀಡರ್ ಸುಮ್ಮನೆ ಆ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗುತ್ತದೆ. ಅದರ ಬದಲು ನ್ಯೂಡಿಕೋಡರ್ ಕರೆದು ಸಿಕ್ಕ ಡಿಕೋಡರನ್ನು ಕೊಟ್ಟರೆ ಮಾಲ್‌ಫಾರ್ಮ್ಡ್‌ಇನ್‌ಪುಟ್‌ಎಕ್ಸೆಪ್ಷನ್ ಬರುತ್ತದೆ. ದರದ ಲೆಕ್ಕಕ್ಕೆ ನಾನು ಎರಡನೆಯದನ್ನೇ ಆರಿಸುತ್ತೇನೆ; ಮೀನಿನ ಹೆಸರು ಕೆಟ್ಟು ಡೇಟಾಬೇಸಿಗೆ ಹೋಗುವುದಕ್ಕಿಂತ ಪ್ರೋಗ್ರಾಮ್ ನಿಲ್ಲುವುದೇ ವಾಸಿ. ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಾದರೆ ಯಾವ ಚಾರ್‌ಸೆಟ್ ಕೊಟ್ಟರೂ ಕನ್ನಡ ಬಾರದು, ಮೊದಲು ಕನ್ವರ್ಟ್ ಮಾಡಬೇಕು.

ಸೊನ್ನೆ ತೆಗೆಯುವುದನ್ನು ಬೈಟ್ ಮಟ್ಟದಲ್ಲಿ ಮಾಡಿದರೆ ಕನ್ನಡಕ್ಕೆ ಅಪಾಯವಿಲ್ಲವೇ ಎಂದು ಕೇಳಿದ್ದೀರಿ. ಯುಟಿಎಫ್-8 ಆದರೆ ಇಲ್ಲ: ಕನ್ನಡ ಅಕ್ಷರದ ಮೂರೂ ಬೈಟುಗಳು 128 ಅಥವಾ ಹೆಚ್ಚು, ಅವುಗಳಲ್ಲಿ ಸೊನ್ನೆ ಬರುವುದೇ ಇಲ್ಲ. ಆದರೆ ಮೊದಲು ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡಿ. ಅಂಕಿಗಳ ನಡುವೆ ಒಂದು ಬಿಟ್ಟು ಒಂದು ಸೊನ್ನೆ, ಕನ್ನಡ ಇರುವಲ್ಲಿ ಒಂದು ಬಿಟ್ಟು ಒಂದು 12 ಕಂಡರೆ ಅದು ಕಸವಲ್ಲ, ಯುಟಿಎಫ್-16 ಫೈಲ್. ಹೆಕ್ಸಿನಲ್ಲಿ ಆ 12 ಸೊನ್ನೆ-ಸಿ ಎಂದು ಕಾಣುತ್ತದೆ. ಆಗ ಫಿಲ್ಟರನ್ನೇ ತೆಗೆದುಹಾಕಿ, ರೀಡರಿಗೆ ಯುಟಿಎಫ್-16 ಎಂದು ಹೇಳಿ.

ಅಕ್ಷರಕ್ಕೆ ಸಂಬಂಧಿಸಿದ ಸೋಸುವಿಕೆ ರೀಡರ್ ದಾಟಿದ ಮೇಲೆ. ಒಂದು ಉದಾಹರಣೆ: ‘ಅಂಜಲ್’ 5 ಕೋಡ್‌ಪಾಯಿಂಟ್. ಕೆಲವು ಕೀಬೋರ್ಡುಗಳಿಂದ ಅದರ ಕೊನೆಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ ಸೇರಿ 6 ಆಗಿರಬಹುದು. ಸ್ಕ್ರೀನಿನಲ್ಲಿ ಎರಡೂ ಒಂದೇ, ಈಕ್ವಲ್ಸ್ ಮಾತ್ರ ಫಾಲ್ಸ್. ಟ್ರಿಮ್, ಸ್ಟ್ರಿಪ್ ಎರಡೂ ಅದನ್ನು ತೆಗೆಯುವುದಿಲ್ಲ. ಹೆಸರಿನ ಕೊನೆಯಲ್ಲಿ ಅದಿದ್ದರೆ ಕತ್ತರಿಸಿ. ಪದದ ನಡುವಿನದನ್ನು ಮುಟ್ಟಬೇಡಿ, ಅಲ್ಲಿ ಅದು ಒತ್ತಕ್ಷರ ಆಗದಂತೆ ತಡೆಯಲು ಬೇಕಿರುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸಿದ ಫೈಲಿನ ಮೊದಲಲ್ಲಿ 239, 187, 191 ಎಂಬ ಗುರುತಿನ ಬೈಟುಗಳಿರಬಹುದು. ಯುಟಿಎಫ್-8 ಎಂದು ಹೇಳಿದ ಜಾವಾ ಅದನ್ನು ತಾನಾಗಿ ತೆಗೆಯುವುದಿಲ್ಲ. ಮೊದಲ ಸಾಲಿನ ಮೊದಲ ಕ್ಯಾರೆಕ್ಟರ್ 65279 ಇದ್ದರೆ ಬಿಟ್ಟುಬಿಡಿ. ಹ್ಯಾಶ್‌ನಿಂದ ಶುರುವಾಗುವ ಟಿಪ್ಪಣಿ ಸಾಲುಗಳನ್ನು ಬಿಡಲು ಸ್ಟ್ರೀಮ್ ಕ್ಲಾಸೇ ಬೇಡ, ಬಫರ್ಡ್‌ರೀಡರಿನಿಂದ ಸಾಲು ಓದಿ ಒಂದು ಇಫ್ ಹಾಕಿದರಾಯಿತು.

ಮುಚ್ಚುವಾಗ ಹೊರಗಿನದನ್ನು ಕ್ಲೋಸ್ ಮಾಡಿದರೆ ಒಳಗಿನವೂ ಕ್ಲೋಸ್ ಆಗುತ್ತವೆ. ಆದರೂ ಐದನ್ನೂ ಒಂದೇ ಸಾಲಿನಲ್ಲಿ ಒಂದರೊಳಗೊಂದು ನ್ಯೂ ಮಾಡಬೇಡಿ. ಫೈಲ್ ಜಿಝಿಪ್ ಅಲ್ಲದಿದ್ದರೆ ಜಿಝಿಪ್‌ಇನ್‌ಪುಟ್‌ಸ್ಟ್ರೀಮ್‌ನ ಕನ್‌ಸ್ಟ್ರಕ್ಟರೇ ಎಕ್ಸೆಪ್ಷನ್ ಎಸೆಯುತ್ತದೆ, ಆಗ ತೆರೆದ ಫೈಲನ್ನು ಮುಚ್ಚುವವರಿಲ್ಲ. ಟ್ರೈ-ವಿತ್-ರಿಸೋರ್ಸಸ್‌ನಲ್ಲಿ ಕನಿಷ್ಠ ಫೈಲ್‌ಇನ್‌ಪುಟ್‌ಸ್ಟ್ರೀಮ್‌ಗೆ ಬೇರೆ ವೇರಿಯಬಲ್ ಕೊಡಿ. ಡೌನ್‌ಲೋಡ್ ಅರ್ಧಕ್ಕೆ ನಿಂತ ಫೈಲಾದರೆ ಇಒಎಫ್‌ಎಕ್ಸೆಪ್ಷನ್ ಬರುವುದು ನೂರಾರು ಸಾಲು ಸರಿಯಾಗಿ ಓದಿದ ಮೇಲೆ. ಆದ್ದರಿಂದ ಡೇಟಾಬೇಸಿನ ಕಮಿಟ್ ಕೊನೆಯ ಸಾಲು ಓದಿ ಮುಗಿದ ಮೇಲೆಯೇ ಇರಲಿ.

ಪರೀಕ್ಷೆಗೆ ನಿಜವಾದ ಫೈಲ್ ಬೇಡ, ಬೈಟ್‌ಅರೇಇನ್‌ಪುಟ್‌ಸ್ಟ್ರೀಮ್ ಸಾಕು. ಮೊದಲ ಕೇಸ್: 0, 0, 65, 0, 66 ಕೊಟ್ಟು, ಎರಡೂ ರೀಡಿನಿಂದ 65, 66 ಮಾತ್ರ ಬರುತ್ತದೆಯೇ ನೋಡಿ. ಎರಡನೆಯದು: 9000 ಸೊನ್ನೆ, ಆಮೇಲೆ ಒಂದು 65, ಇದನ್ನು 8192ರ ಅರೇಯಿಂದ ಓದಿ. 0 ಹಿಂತಿರುಗಿಸುವ ತಪ್ಪು ಇಲ್ಲೇ ಸಿಕ್ಕಿಬೀಳುತ್ತದೆ. ಮೂರನೆಯದು: ಎಷ್ಟು ಕೇಳಿದರೂ ಒಂದೇ ಬೈಟ್ ಕೊಡುವ ಇನ್ನೊಂದು ಚಿಕ್ಕ ಫಿಲ್ಟರ್ ಕ್ಲಾಸ್ ಬರೆದು ಅದನ್ನು ನಿಮ್ಮ ಕ್ಲಾಸಿನ ಕೆಳಗಿಟ್ಟು, ‘ಮಂಗಳೂರು’ ಪದದ 21 ಬೈಟುಗಳ ನಡುವೆ ಸೊನ್ನೆ ಬೆರೆಸಿ ಓದಿಸಿ. ರೀಡರಿನ ಆ ತುದಿಯಲ್ಲಿ ಪದ ಪೂರ್ತಿ ಬಂದರೆ ನಿಮ್ಮ ಕ್ಲಾಸನ್ನು ಮಲ್ಪೆಯ ಫೈಲಿಗೆ ಜೋಡಿಸಬಹುದು.